ಹೇಳದಿದ್ದರೆ ಸಭೆಗೆ ಗೊತ್ತಾಗುವುದು ಹೇಗೆ?

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ: "ಗಂಡನ ಕೆಲಸ ಹೋಗಿದೆ. ಅತ್ತೆಗೆ ಮರೆವಿನ ಕಾಯಿಲೆ, ನಡುರಾತ್ರಿ ಎದ್ದು ಬಾಗಿಲು ತೆಗೆಯುತ್ತಾರೆ. ಮಗ ಯಾರ ಜೊತೆಗೂ ಮಾತಾಡುವುದಿಲ್ಲ. ನನ್ನ ನಂಬಿಕೆ ಬತ್ತಿಹೋಗಿದೆ ಅನ್ನಿಸುತ್ತದೆ. ಒಂದು ವರ್ಷದಿಂದ ಚರ್ಚಿಗೆ ಹೋಗಿಲ್ಲ. ಕೊನೆಯ ಸಲ ಹೋದಾಗ ಒಬ್ಬರು, ನಿಮ್ಮ ಮನೆಯಲ್ಲಿ ಯಾವುದೋ ಗುಪ್ತ ಪಾಪ ಇರಬೇಕು ಅಂದರು. ಆಮೇಲೆ ಯಾರೂ ನಮ್ಮ ಮನೆ ಕಡೆ ಬರಲಿಲ್ಲ. ಪಾಸ್ಟರಿಗೂ ಇದೆಲ್ಲ ಗೊತ್ತಿಲ್ಲ. ಈಗ ಮನೆಯಲ್ಲೇ ಬೈಬಲ್ ಓದುತ್ತೇನೆ, ಫೋನಿನಲ್ಲಿ ಪ್ರಸಂಗ ಕೇಳುತ್ತೇನೆ. ದೇವರು ಮನೆಯಲ್ಲೂ ಇದ್ದಾರಲ್ಲ, ಚರ್ಚು ಯಾಕೆ ಬೇಕು? (ನಿದ್ದೆ ಮಾಡಿ ಎಷ್ಟು ಕಾಲವಾಯಿತೋ.)"

ಸಹೋದರಿ, ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಗಿಟಾರ್ ಬೇಕೋ ಆರ್ಗನ್ ಬೇಕೋ ಎನ್ನುವ ಹಳೇ ಜಗಳದ್ದು. ಅವೆಲ್ಲ ಮುಂದಿನ ಸಂಚಿಕೆಗೆ ಕಾಯಲಿ. ನಿಮಗೆ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಪ್ರಾರ್ಥಿಸುವುದು ತಪ್ಪಾ? ಖಂಡಿತ ಅಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಅಂತ ಯೇಸುವೇ ಹೇಳಿದ್ದಾರೆ. ಫೋನಿನ ಪ್ರಸಂಗವೂ ಒಳ್ಳೆಯದೇ, ಹಾಸಿಗೆ ಹಿಡಿದ ಎಷ್ಟೋ ಜನರಿಗೆ ಅದೊಂದೇ ದಾರಿ. ಇಷ್ಟು ಒಪ್ಪಿದೆ. ಆದರೆ ಆ ಪ್ರಸಂಗಿಗೆ ನಿಮ್ಮ ಹೆಸರೇ ಗೊತ್ತಿಲ್ಲವಲ್ಲ. ನಿಮ್ಮ ಅತ್ತೆ ಚಿಲಕ ತೆಗೆಯುವ ಹೊತ್ತಿಗೆ ಅವರು ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋಗುವುದಿಲ್ಲ. ನಿದ್ದೆಯ ಮಾತನ್ನು ಪತ್ರದ ಕೊನೆಗೆ, ಅದೂ ಕಂಸದೊಳಗೆ ಹಾಕಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಇದೇ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಓದುಗರಿಗೆ ಬೇಜಾರೇ ಬಂದಿರಬಹುದು. ಕಷ್ಟ ಬಿದ್ದ ಮನೆಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಸರದಿಯ ಮೇಲೆ ಬಂದು ಕೂರುವ ನಾಲ್ಕು ಜನ. ನಾಲ್ಕು ಅಂದದ್ದು ಸುಮ್ನೆ ಅಲ್ಲ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ನಾಲ್ಕು ಜನ. ಗುಂಪಿನಲ್ಲಿ ದಾರಿ ಸಿಗದೆ ಮಾಳಿಗೆ ಹತ್ತಿದರು, ಚಾವಣಿ ತೆಗೆದರು, ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸು ಅವರ ನಂಬಿಕೆಯನ್ನು ನೋಡಿ ಮಾತಾಡಿದರು ಅಂತ ಬರೆದಿದೆ. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಅಂತ ಮಾರ್ಕ ಪ್ರತ್ಯೇಕವಾಗಿ ಹೇಳುವ ಗೋಜಿಗೇ ಹೋಗಿಲ್ಲ. ನಿಮ್ಮ ನಂಬಿಕೆ ಬತ್ತಿದ್ದರೆ ಬತ್ತಿರಲಿ ಬಿಡಿ, ಸ್ವಲ್ಪ ದಿನ ಬೇರೆಯವರು ಹೊರಲಿ.

ಯೇಸುವನ್ನು ಹಿಡಿದುಕೊಂಡು ಹೋದ ಆ ಗೆತ್ಸೇಮನೆ ತೋಟದ ರಾತ್ರಿಯನ್ನೂ ನೆನೆಸಿಕೊಳ್ಳಿ. ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಜೊತೆಗೆ ಕರೆದುಕೊಂಡು ಹೋಗಿ, ನನ್ನ ಜೊತೆ ಎಚ್ಚರವಾಗಿರಿ ಅಂತ ಯೇಸು ಕೇಳಿಕೊಂಡರು. ಮೂವರೂ ನಿದ್ದೆ ಹೋದರು. ಮೂರು ಸಲ ಬಂದು ನೋಡಿದರೂ ಅದೇ ಕತೆ. ಸಭೆಯವರು, ಅಂದರೆ ಚರ್ಚಿನ ಜನ, ಕೈಕೊಡುತ್ತಾರೆ ಅನ್ನುವುದು ಹೊಸ ಸುದ್ದಿಯೇನಲ್ಲ. ಆದರೂ ಮುಂದೆ ಸಭೆ ಕಟ್ಟಲು ಯೇಸು ಕಳಿಸಿದ್ದು ಹಾಗೆ ನಿದ್ದೆ ಹೋದವರನ್ನೇ.

ಈಗ ಸ್ವಲ್ಪ ಬೈಯುತ್ತೇನೆ, ಅಣ್ಣ ಬೈದ ಅಂದುಕೊಳ್ಳಿ. ಯಾರೂ ಬರಲಿಲ್ಲ ಅಂತೀರಿ. ಸರಿ, ನೀವು ಯಾರಿಗೆ ಹೇಳಿದಿರಿ? ಪಾಸ್ಟರಿಗೂ ಗೊತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಮೊದಲ ಸಭೆಯ ಕತೆ ಹೇಳುವ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ತೆಗೆದು ಓದಿ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಗೊಣಗಿದವರಿಗೆ ನಂಬಿಕೆ ಕಡಿಮೆ ಅಂತ ಯಾರೂ ಹೇಳಲಿಲ್ಲ. ಕೂಡಲೇ ಸಭೆ ಕರೆದು, ಆ ಕೆಲಸಕ್ಕೆ ಅಂತಲೇ ಸ್ತೆಫನನೂ ಸೇರಿ ಏಳು ಜನರನ್ನು ಆರಿಸಿದರು. ದೂರು ಬಾಯಿಗೆ ಬರದೇ ಹೋಗಿದ್ದರೆ ಆ ಏಳು ಜನ ಎಲ್ಲಿರುತ್ತಿದ್ದರು? ನಾವೋ, ಹೊಸ್ತಿಲು ದಾಟುವಾಗ ಕಣ್ಣೊರೆಸಿಕೊಂಡು, 'ಹೇಗಿದ್ದೀರಿ' ಅಂದರೆ 'ದೇವರ ದಯೆ, ಚೆನ್ನಾಗಿದ್ದೇವೆ' ಅನ್ನುತ್ತೇವೆ. ನಿಮ್ಮ ಯಜಮಾನರು ಇದರಲ್ಲಿ ನಿಮಗಿಂತ ಒಂದು ಕೈ ಮುಂದೇ ಇರುತ್ತಾರೆ. ಕೆಲಸ ಹೋದ ಗಂಡಸರು ಮೊದಲು ಬಿಡುವುದೇ ಭಾನುವಾರದ ಆರಾಧನೆಯನ್ನು.

ನಮ್ಮ ಸಭೆಯಲ್ಲಿ ಒಬ್ಬರಿದ್ದರು, ನಿವೃತ್ತ ಎಲೆಕ್ಟ್ರಿಷಿಯನ್. ಎದ್ದು ಪ್ರಾರ್ಥಿಸಿ ಅಂದರೆ ಕಿವಿ ಕೆಂಪಗಾಗಿ ನಾಲ್ಕೇ ಮಾತಿಗೆ ಆಮೆನ್ ಅಂದುಬಿಡುತ್ತಿದ್ದರು. ಸ್ಟ್ರೋಕ್ ಆಗಿ ಮಲಗಿದ್ದ ಇನ್ನೊಬ್ಬರ ಮನೆಗೆ ಇವರು ಶನಿವಾರ ಸಂಜೆ ತಪ್ಪದೆ ಹೋಗುತ್ತಿದ್ದರು, ಗಡ್ಡ ಮಾಡಲಿಕ್ಕೆ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಬಿಸಿನೀರಿನಲ್ಲಿ ಬ್ರಷ್ ಅದ್ದಿ ನೊರೆ ಹಚ್ಚಿದರು. ಜೋತುಬಿದ್ದ ಕೆನ್ನೆಯನ್ನು ಎಡಗೈ ಹೆಬ್ಬೆರಳಿನಿಂದ ಮೇಲಕ್ಕೆಳೆದು ಹಿಡಿದು, ರೇಜರನ್ನು ಮೆಲ್ಲಗೆ ಒಂದೊಂದೇ ಪಟ್ಟಿ ಇಳಿಸಿದರು, ನಡುನಡುವೆ ಬಾಯಿಯ ಅಂಚಿನ ಜೊಲ್ಲು ಒರೆಸುತ್ತಾ. ದೇವರ ವಿಷಯ ಒಂದು ಮಾತೂ ಬರಲಿಲ್ಲ, ಯಾವುದೋ ಹಳೇ ಫ್ಯೂಸಿನ ಕತೆ ಹೇಳುತ್ತಿದ್ದರು. ಅಷ್ಟು ಹೊತ್ತೂ ರೋಗಿಯ ಹೆಂಡತಿ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯಷ್ಟು ಒಳ್ಳೆಯ ಸ್ತೋತ್ರ ನಾನು ಕೇಳಿದ್ದು ಕಡಿಮೆ.

ಇದು ನಾನು ಹೊಸದಾಗಿ ಕಂಡುಹಿಡಿದ ಸೇವೆಯಲ್ಲ. ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಮಾರ್ಟಿರ್ ಎಂಬ ಕ್ರೈಸ್ತ ಲೇಖಕರು ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ, ಭಾನುವಾರ ನಾವು ಸೇರಿ ಏನೇನು ಮಾಡುತ್ತೇವೆ ಅಂತ ವಿವರಿಸಿದ್ದಾರೆ. ಓದು, ಬೋಧನೆ, ಪ್ರಾರ್ಥನೆ, ರೊಟ್ಟಿ. ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ಯುತ್ತಿದ್ದರು. ಕೂಡಿಸಿದ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿದ್ದವರಿಗೆ, ಪರ ಊರಿನಿಂದ ಬಂದವರಿಗೆ. ಆ ಪಟ್ಟಿಯಲ್ಲಿ ಕಟ್ಟಡ ನಿಧಿ ಅಂತ ಒಂದಿಲ್ಲ, ಗಮನಿಸಿ. ಆಮೇಲೆ ಇನ್ನೂರು ವರ್ಷ ಕಳೆದು ಅದೇ ರೋಮಿಗೆ ಜೂಲಿಯನ್ ಚಕ್ರವರ್ತಿ ಬಂದ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗದು. ಅವನೇ ತನ್ನ ಪುರೋಹಿತನಿಗೆ, ಇವರು ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರಲ್ಲ ಅಂತ ಉರಿದುಕೊಂಡು ಬರೆದ.

ಲೆಕ್ಕ ಬೇಕು ಅನ್ನುವವರಿಗೆ ಅದೂ ಇದೆ. ಅಮೆರಿಕದಲ್ಲಿ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಎಂಬ ಸಮಾಜ ವಿಜ್ಞಾನಿಗಳು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರಾಧನೆಗೆ ಹೋಗುವವರು ಹೋಗದವರಿಗಿಂತ ಹೆಚ್ಚು ನೆಮ್ಮದಿಯಿಂದಿರುವುದು ಸಭೆಯಲ್ಲಿ ಗೆಳೆಯರಿದ್ದಾಗ. ಗೆಳೆಯರೇ ಇಲ್ಲದೆ ಬರೀ ಬಂದು ಕೂತು ಎದ್ದು ಹೋಗುವವರಿಗೆ ಆ ಲಾಭ ಕಾಣಲಿಲ್ಲ.

ಹಾಗಾದರೆ ನಮ್ಮ ಸಭೆಗಳು ಏನು ಮಾಡುತ್ತಿವೆ? ಇಲ್ಲೇ ನನಗೆ ಸಿಟ್ಟು ಬರುವುದು. ಸಾಕ್ಷಿ ಹೇಳಲು ಮೈಕ್ ಸಿಗುವುದು ಗೆದ್ದವರಿಗೆ ಮಾತ್ರ. ಕೆಲಸ ಸಿಕ್ಕಿತು, ಗಡ್ಡೆ ಕರಗಿತು, ಸ್ತೋತ್ರ. ಇನ್ನೂ ಕೆಲಸ ಸಿಗದವರು, ಗಡ್ಡೆ ಕರಗದವರು ಹಿಂದಿನ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಪ್ರಾರ್ಥನೆಗೆ ಅಂತ ಕೊಟ್ಟ ವಿಷಯ ಸಂಜೆಯೊಳಗೆ ಊರಿಗೆಲ್ಲ ಹರಡಿರುತ್ತದೆ. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಒತ್ತಿದರೆ ಸೇವೆ ಮುಗಿಯಿತು. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ಮೊರೆ, ದೇವರ ಜೊತೆ ಜಗಳ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಹಲ್ಲೆಲೂಯ ಕೂಡ ಇಲ್ಲ. ನಮ್ಮ ಹಾಡುಗಳಲ್ಲಿ ಅಂಥವು ಎಷ್ಟಿವೆ, ಎಣಿಸಿ ನೋಡಿ. ಅಳುವವರ ಜೊತೆ ಅಳಿ ಅಂತ ಅಪೊಸ್ತಲ ಪೌಲ ಸಭೆಗೆ ಬರೆದ. ನಾವು ಅಳುವವರಿಗೆ ಕಾರಣ ಹೇಳುತ್ತೇವೆ.

ಆ ಕಾರಣ ಹೇಳುವ ಚಟ ಜೀವಕ್ಕೂ ಒಳ್ಳೆಯದಲ್ಲ. ಮನಶ್ಶಾಸ್ತ್ರಜ್ಞ ಕೆನ್ನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ ವಯಸ್ಸಾದ ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಮಾಡಿದರು. ದೇವರು ನನ್ನ ಕೈಬಿಟ್ಟರು ಅಂತ ಕೊರಗುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಾಗಿತ್ತು. ಗುಪ್ತ ಪಾಪ ಹುಡುಕಲು ಹೊರಡುವವರು ಇದನ್ನು ಸ್ವಲ್ಪ ಓದಿಕೊಂಡು ಹೊರಟರೆ ಒಳ್ಳೆಯದು.

ಮಗನನ್ನು ಸದ್ಯಕ್ಕೆ ಚರ್ಚಿಗೆ ಎಳೆದುಕೊಂಡು ಹೋಗಬೇಡಿ, ವೈದ್ಯರಿಗೆ ತೋರಿಸಿ. ಪ್ರಾರ್ಥಿಸುವವರು ವೈದ್ಯರ ಹತ್ತಿರ ಹೋಗಬಾರದು ಅಂತ ಯಾರಾದರೂ ಅಂದರೆ, ಪೌಲನ ಜೊತೆಗಿದ್ದ ಲೂಕ ವೈದ್ಯನೇ ಅಲ್ವಾ ಅಂತ ಕೇಳಿ. ಈ ವಾರವೇ ಪಾಸ್ಟರಿಗೆ ಫೋನ್ ಮಾಡಿ. 'ನಮಗಾಗಿ ಪ್ರಾರ್ಥಿಸಿ' ಅಂತ ಮಾತ್ರ ಹೇಳಿ ಇಡಬೇಡಿ, ಅವರು 'ಆಗಲಿ' ಅಂದು ಮರೆಯುತ್ತಾರೆ. ವಾರಕ್ಕೆರಡು ರಾತ್ರಿ ಅತ್ತೆಯ ಕೋಣೆಯಲ್ಲಿ ಮಲಗಲು ಯಾರಾದರೂ ಬೇಕು, ನನಗೆ ನಿದ್ದೆ ಬೇಕು ಅಂತ ಹಾಗೇ ಹೇಳಿ. ಅವರು ಪೂರ್ತಿ ಕೈಚೆಲ್ಲಿದರೆ ಬೇರೆ ಸಭೆ ನೋಡಿ, ಅದರಲ್ಲಿ ತಪ್ಪಿಲ್ಲ.

ಇನ್ನು ಆ ಗುಪ್ತ ಪಾಪದವರು ಸಿಕ್ಕರೆ ಜಗಳಕ್ಕೆ ಹೋಗಬೇಡಿ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಅವನ ಪಕ್ಕ ಸುಮ್ಮನೆ ಕೂತಿದ್ದರು, ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು, ಬಾಯಿ ತೆರೆದು ಇದು ನಿನ್ನ ಪಾಪದ ಫಲ ಅಂದ ಮೇಲೆ ಕೆಟ್ಟಿತು ಅಂತ ನೆನಪಿಸಿ. ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಕೋಪಗೊಂಡದ್ದು ಯಾರ ಮೇಲೆ ಅಂತ ಅವರೇ ಮನೆಗೆ ಹೋಗಿ ಓದಿಕೊಳ್ಳಲಿ.