ಸಿಮೆಂಟ್ ಇಲ್ಲದ ಸೊಂಟದ ಕೀಲು ಎಷ್ಟು ವರ್ಷ ಬಾಳುತ್ತದೆ?

54 ವರ್ಷದ ನಿಮ್ಮ ತಂದೆಯವರಿಗೆ ಎವಿಎನ್‌ನಿಂದ (ರಕ್ತ ಪೂರೈಕೆ ನಿಂತು ಮೂಳೆ ಸಾಯುವ ತೊಂದರೆ) ಸೊಂಟದ ಕೀಲು ಹಾಳಾಗಿದೆ, ಡಾಕ್ಟರು ಅನ್‌ಸಿಮೆಂಟೆಡ್ ಕೀಲು ಹೇಳಿದ್ದಾರೆ, ಸಿಮೆಂಟ್ ಇಲ್ಲದೆ ಅದು ಬೇಗ ಸಡಿಲವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಈ ವಯಸ್ಸಿಗೆ ಅದು ಒಳ್ಳೆಯ ಆಯ್ಕೆ.

ಹಿಡಿತ ನಿರ್ಧಾರವಾಗುವುದು ಮೊದಲ ಕೆಲವು ತಿಂಗಳಲ್ಲೇ. ಸೊಂಟದ ಗುಳಿಯಲ್ಲಿ ಕೂರುವ ಬಟ್ಟಲಿನ, ಅಂದರೆ ಕಪ್ಪಿನ, ಅಳತೆಗಿಂತ 1–2 ಮಿ.ಮೀ. ಕಡಿಮೆ ಮೂಳೆ ಕೊರೆದು, ಕಪ್ಪನ್ನು ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಟೈಟಾನಿಯಂನ ಒರಟು ಮೇಲ್ಮೈ ಮತ್ತು ಮೂಳೆಯ ನಡುವಿನ ಅಲುಗಾಟ ಸುಮಾರು 40 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಒಳಗಿದ್ದರೆ ಮೂಳೆ ಅದಕ್ಕೆ ಬೆಸೆದುಕೊಳ್ಳುತ್ತದೆ. 150 ದಾಟಿದರೆ ಮೂಳೆಯ ಬದಲು ನಾರಿನ ಪದರ ಬೆಳೆಯುತ್ತದೆ, ನಡೆಯುವಾಗ ತೊಡೆ ನೋಯುತ್ತದೆ. ಒಮ್ಮೆ ಚೆನ್ನಾಗಿ ಬೆಸೆದುಕೊಂಡರೆ ಸ್ಟೆಮ್ (ತೊಡೆಮೂಳೆಯೊಳಗೆ ಇಳಿಸುವ ಲೋಹದ ಕಾಂಡ) ಸಡಿಲವಾಗುವುದು ಅಪರೂಪ. ಒಳ್ಳೆಯ ದಾಖಲೆಯ ಟೈಟಾನಿಯಂ ಸ್ಟೆಮ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು 20 ವರ್ಷದ ನಂತರವೂ ಗಟ್ಟಿಯಾಗಿರುತ್ತವೆ.

ಸವೆಯುವುದು ಕಪ್ಪಿನೊಳಗಿನ ಪಾಲಿಎಥಿಲೀನ್ ಲೈನರ್, ಅಂದರೆ ಪ್ಲಾಸ್ಟಿಕ್ಕಿನ ಒಳಪದರ. ಹಳೆಯ ಲೈನರ್‌ಗಳು ವರ್ಷಕ್ಕೆ 0.1 ಮಿ.ಮೀ.ಗೂ ಹೆಚ್ಚು ಸವೆಯುತ್ತಿದ್ದವು. ಆ ಪುಡಿಯನ್ನು ನುಂಗಿದ ರಕ್ಷಕ ಕೋಶಗಳು ಕೆರಳಿ ಸುತ್ತಲಿನ ಮೂಳೆ ಕರಗುತ್ತಿತ್ತು, ಅದೂ ನೋವೇ ಇಲ್ಲದೆ. 1990ರ ದಶಕದ ಕೊನೆಯಲ್ಲಿ ಬಂದ, ಕಡಿಮೆ ಸವೆಯುವ ಹೈಲಿ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್‌ನಿಂದ ಈ ತೊಂದರೆ ಬಹಳ ಇಳಿದಿದೆ. ಹಾಗಾಗಿ ‘25 ವರ್ಷಕ್ಕೆ ಶೇ. 58 ಮಾತ್ರ ಉಳಿಯುತ್ತವೆ’ ಎಂಬ ಅಂಕಿ ಓದಿ ಹೆದರಬೇಡಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2019ರ ಅಧ್ಯಯನದ್ದು ಅದು, ಸಿಮೆಂಟಿನವೂ ಸೇರಿ ಎಲ್ಲ ಬಗೆಯ ಹಳೆಯ ಕೀಲುಗಳ ಲೆಕ್ಕ. ಲೋಹದ ಮೇಲೆ ಲೋಹ ಉಜ್ಜುವ ಜೋಡಿ ಮಾತ್ರ ಬೇಡ. ಆ ಬಗೆಯ, ಎಎಸ್‌ಆರ್ ಎಂಬ ಹೆಸರಿನ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು.

75 ದಾಟಿದವರ, ಅದರಲ್ಲೂ ಟೊಳ್ಳು ಮೂಳೆಯ ಹೆಂಗಸರ ಮಾತು ಬೇರೆ. ಸ್ಟೆಮ್ ಬಡಿಯುವಾಗಲೋ ನಂತರವೋ ತೊಡೆಮೂಳೆ ಸೀಳುವ ಅಪಾಯ ಹೆಚ್ಚು. ಅವರಿಗೆ ಸಿಮೆಂಟಿನ ಸ್ಟೆಮ್ಮೇ ವಾಸಿ.

ಆಪರೇಷನ್‌ಗೆ ಮುಂಚೆ ಸ್ಟೆಮ್‌ನ ಹೆಸರು, ಅದರ ದೀರ್ಘಾವಧಿ ದಾಖಲೆ, ಲೈನರ್ ಕ್ರಾಸ್‌ಲಿಂಕ್ಡ್ ಹೌದೇ ಎಂದು ಕೇಳಿ. ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರ್‌ಗಳ ಪ್ರತಿ ಪಡೆದು ಜೋಪಾನವಾಗಿಡಿ. 6 ವಾರಕ್ಕೆ, 1 ವರ್ಷಕ್ಕೆ, ಆಮೇಲೆ ಡಾಕ್ಟರು ಹೇಳಿದ ಅಂತರದಲ್ಲಿ ಎಕ್ಸ್‌ರೇ ತೆಗೆಸಿ, ನೋವಿಲ್ಲದಿದ್ದರೂ. ಸವೆತ ಬೇಗ ಕಣ್ಣಿಗೆ ಬಿದ್ದರೆ, ಕಪ್ ಗಟ್ಟಿಯಿರುವಾಗ, ಸಾಮಾನ್ಯವಾಗಿ ಲೈನರ್ ಮತ್ತು ಹೆಡ್ (ಸ್ಟೆಮ್‌ನ ತುದಿಯ ಗುಂಡು) ಮಾತ್ರ ಬದಲಿಸಿದರೆ ಸಾಕು. ತಡವಾಗಿ ಮೂಳೆ ಕರಗಿದ ಮೇಲೆ ಕಪ್ಪನ್ನೇ ಕಿತ್ತು, ಮೂಳೆ ತುಂಬಿ, ಹೊಸದು ಕೂರಿಸಬೇಕಾಗಬಹುದು.