ಚರ್ಚಿನ ವಾಕಿಂಗ್ ಡೇ ಮೆರವಣಿಗೆಗೆ ಮಗಳನ್ನು ಕಳುಹಿಸಬಹುದೇ?

ಇಂಗ್ಲೆಂಡಿನ ವಾರಿಂಗ್ಟನ್ ಸಮೀಪದ ನಿಮ್ಮ ಊರಿನಲ್ಲಿ ಚರ್ಚಿನವರು ವರ್ಷಕ್ಕೊಮ್ಮೆ ಬೀದಿಗಳಲ್ಲಿ ನಡೆಸುವ ವಾಕಿಂಗ್ ಡೇ ಮೆರವಣಿಗೆಯಲ್ಲಿ ನಡೆಯಲು ಸಹಪಾಠಿಯ ತಾಯಿ ನಿಮ್ಮ ಮಗಳನ್ನು ಕರೆದಿದ್ದಾರೆ, ಹಿಂದೂಗಳಾದ ನಾವು ಕಳುಹಿಸಬಹುದೇ ಎಂದು ಕೇಳಿದ್ದೀರಿ. ಎಂಬತ್ತರ ದಶಕದ ಕೊನೆಯಲ್ಲಿ ಅದೇ ಭಾಗದ ಇನ್ನೊಂದು ಸಣ್ಣ ಊರಿನಲ್ಲಿ ಈ ಕರೆ ನಮ್ಮ ಮನೆಗೂ ಬಂದಿತ್ತು. ನನ್ನ ಯಜಮಾನರು ಅಲ್ಲಿ ವೈದ್ಯರಾಗಿದ್ದರು, ದಾವಣಗೆರೆಯಿಂದ ಹೋಗಿ ನಮಗೆ ಹೆಚ್ಚು ಕಾಲವಾಗಿರಲಿಲ್ಲ.

ಪಕ್ಕದ ಮನೆಯವರು ಸಂಡೇ ಸ್ಕೂಲಿನಲ್ಲಿ, ಅಂದರೆ ಚರ್ಚು ಭಾನುವಾರ ಮಕ್ಕಳಿಗಾಗಿ ನಡೆಸುವ ಧರ್ಮಪಾಠದ ಶಾಲೆಯಲ್ಲಿ, ಪಾಠ ಹೇಳುತ್ತಿದ್ದರು. ಬ್ಯಾನರಿನ ರಿಬ್ಬನ್ ಹಿಡಿಯಲು ನಿಮ್ಮ ಮಗಳು ಬರುತ್ತಾಳೆಯೇ ಎಂದು ಬಾಗಿಲಲ್ಲೇ ನಿಂತು ಕೇಳಿದರು. ನಿಮಗೇಕೆ ತೊಂದರೆ, ಬೇಡ ಎಂದುಬಿಟ್ಟೆ. ನನಗೆ ದುಬಾರಿಯಾದದ್ದು ಅದೇ. ನಮ್ಮ ಕಡೆ ಯಾರ ಮನೆಯಲ್ಲಿ ಕಾಫಿ ಕೊಟ್ಟರೂ ಮೊದಲು ಬೇಡವೆನ್ನುತ್ತೇವೆ, ಅವರು ಒತ್ತಾಯಿಸಿದ ಮೇಲೆ ಲೋಟ ಕೈಗೆತ್ತಿಕೊಳ್ಳುತ್ತೇವೆ, ಒತ್ತಾಯಿಸದವರಿಗೆ ಉಪಚಾರ ತಿಳಿಯದು ಎಂದು ಆಡಿಕೊಳ್ಳುತ್ತೇವೆ. ಅಲ್ಲಿ ಒಮ್ಮೆ ಬೇಡವೆಂದವರನ್ನು ಮತ್ತೆ ಕೇಳುವುದು ಒರಟುತನ. ಮನಸ್ಸಿನಲ್ಲಿ ಧರ್ಮದ ಅಳುಕೂ ತುಸು ಇತ್ತು, ಆದರೆ ಅವರು ಇನ್ನೊಮ್ಮೆ ಕೇಳಿದ್ದರೆ ಖಂಡಿತ ಒಪ್ಪುತ್ತಿದ್ದೆ. ನಮ್ಮ ಧರ್ಮದಲ್ಲಿ ಇದು ನಿಷಿದ್ಧವೆಂದು ಅವರು ತಿಳಿದುಕೊಂಡರು, ಬೀದಿಯ ಉಳಿದವರಿಗೂ ಹಾಗೆಯೇ ಹೇಳಿದರು. ಮರುವರ್ಷ ಯಾರೂ ಕೇಳಲಿಲ್ಲ, ಕ್ರಿಸ್‌ಮಸ್ ನಾಟಕಕ್ಕೂ ಕರೆಯಲಿಲ್ಲ. ಅದರಲ್ಲಿ ಕೋಪವಾಗಲಿ ತಿರಸ್ಕಾರವಾಗಲಿ ಇರಲಿಲ್ಲ, ನಮ್ಮ ಮನಸ್ಸಿಗೆ ನೋವಾಗಬಾರದೆಂಬ ಕಾಳಜಿಯೇ ಇತ್ತು. ಆದ್ದರಿಂದಲೇ ಅದನ್ನು ಸರಿಪಡಿಸುವ ದಾರಿ ನನಗೆ ಹೊಳೆಯಲಿಲ್ಲ.

ನಾನು ಬೇಡವೆಂದ ಆ ವರ್ಷದ ಮೆರವಣಿಗೆಯನ್ನು ನಾವು ಫುಟ್‌ಪಾತಿನಲ್ಲಿ ನಿಂತು ನೋಡಿದೆವು. ಮುಂದೆ ಹಿತ್ತಾಳೆ ವಾದ್ಯಗಳ ಬ್ಯಾಂಡು, ಅದರ ಹಿಂದೆ ಎರಡು ಕಂಬಗಳ ನಡುವೆ ಬಿಗಿದ, ಬಣ್ಣದ ಚಿತ್ರ ಬರೆದ ಭಾರಿ ರೇಷ್ಮೆಯ ಬ್ಯಾನರು. ಹೊರುವವರ ಹೆಗಲಿನಿಂದ ಚರ್ಮದ ಪಟ್ಟಿ ಇಳಿಬಿದ್ದಿರುತ್ತದೆ, ಅದರ ತುದಿಯ ಬಟ್ಟಲಿನಲ್ಲಿ ಕಂಬದ ಬುಡ ಕೂತಿರುತ್ತದೆ. ತಿರುವಿನಲ್ಲಿ ಗಾಳಿ ಹೊಕ್ಕು ರೇಷ್ಮೆ ಉಬ್ಬಿದಾಗ ಹೊತ್ತವರ ಹೆಜ್ಜೆ ತಡವರಿಸಿತು, ಹಿಂದಿನ ಹಗ್ಗ ಹಿಡಿದವರು ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ತೇರಿನ ಹಗ್ಗದಂತೆ ಜಗ್ಗಿದರು. ಪಕ್ಕದಲ್ಲಿ ಬಿಳಿ ಫ್ರಾಕಿನ ಮಕ್ಕಳು ರಿಬ್ಬನ್ ಬಿಡದೆ ನಡೆದರು. ನೋಡುತ್ತಿದ್ದವರು ರಸ್ತೆಗಿಳಿದು ತಮಗೆ ಪರಿಚಯದ ಮಕ್ಕಳ ಕೈಗೆ ನಾಣ್ಯ ಹಾಕಿ ಬರುತ್ತಿದ್ದರು, ಅದು ಅಲ್ಲಿನ ಹಳೆಯ ರೂಢಿ. ನನ್ನ ಮಗಳು ಪ್ರತಿ ಮಗುವಿನ ಹೆಸರು ಹಿಡಿದು ಕೂಗಿದಳು, ನನ್ನ ಪರ್ಸಿನ ಚಿಲ್ಲರೆಯನ್ನೆಲ್ಲ ಗೆಳತಿಯರಿಗೆ ಹಂಚಿದಳು. ಇಂದಿಗೂ ಆ ಮಾತೆತ್ತಿದರೆ ಅವಳಿಗೆ ನೆನಪಾಗುವುದು ತನ್ನನ್ನು ಕಳುಹಿಸಲಿಲ್ಲವೆಂಬುದು ಮಾತ್ರ.

ಇದು ಧರ್ಮವೋ ಬರಿಯ ಊರ ಹಬ್ಬವೋ ಎಂದು ಮೊದಲು ತೀರ್ಮಾನವಾಗಬೇಕೆಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಇದು ಧರ್ಮವೇ. ಮ್ಯಾಂಚೆಸ್ಟರಿನಲ್ಲಿ 1801ರಿಂದಲೇ ಸಂಡೇ ಸ್ಕೂಲಿನ ಮಕ್ಕಳ ಇಂಥ ನಡಿಗೆ ಇತ್ತು. ವಾರಿಂಗ್ಟನ್ನಿನಲ್ಲಿ 1834ರಲ್ಲಿ ಪಾದ್ರಿ ಹೊರೇಷಿಯೊ ಪೊವಿಸ್ ಇದನ್ನು ಆರಂಭಿಸಿದ್ದು ಹತ್ತಿರದ ನ್ಯೂಟನ್ ಎಂಬ ಊರಿನ ಕುದುರೆ ಜೂಜಿನ ಕಡೆಗೆ ಮಕ್ಕಳು ಹೋಗದಿರಲೆಂದು. ಇಂದಿಗೂ ದಾರಿಯಲ್ಲಿ ಸ್ತೋತ್ರ ಹಾಡುತ್ತಾರೆ, ಪ್ರಾರ್ಥನೆ ಮಾಡುತ್ತಾರೆ. ಇಷ್ಟೆಲ್ಲ ತಿಳಿದೂ ಕಳುಹಿಸಿ ಎನ್ನುತ್ತೇನೆ. ಅಲ್ಲಿ ನಡೆಯುವವರಲ್ಲಿ ಬಹಳ ಜನ ನಿಮ್ಮ ಮಗಳಿಗೆ ದಿನವೂ ಶಾಲೆಯಲ್ಲಿ, ಅಂಗಡಿಯಲ್ಲಿ ಕಾಣುವವರೇ.

ಆದ್ದರಿಂದ ಯೋಚಿಸಿ ಹೇಳುತ್ತೇವೆಂದು ಎಳೆಯಬೇಡಿ. ಬರುತ್ತಾಳೆಂದು ಇವತ್ತೇ ಸ್ಪಷ್ಟವಾಗಿ ತಿಳಿಸಿ. ಪ್ರಾರ್ಥನೆಯ ಹೊತ್ತಿಗೆ ಅವಳು ಸುಮ್ಮನೆ ನಿಲ್ಲುತ್ತಾಳೆ ಎನ್ನುವುದಿದ್ದರೆ ಅದನ್ನೂ ನೇರವಾಗಿ ಹೇಳಿ, ಅವರು ತಪ್ಪು ತಿಳಿಯುವುದಿಲ್ಲ. ಬಟ್ಟೆ ಯಾವ ಬಣ್ಣದ್ದಿರಬೇಕೆಂದು ಈಗಲೇ ಕೇಳಿಕೊಳ್ಳಿ. ಕಾಲಿಗೆ ಮಾತ್ರ ರೂಢಿಯಾದ ಹಳೆಯ ಬೂಟೇ ಇರಲಿ.