ಸಂಡೇ ಸ್ಕೂಲ್ ಮಕ್ಕಳ ಜೊತೆ ಖುಷಿ ಎಲ್ಲಿ ಸಿಗುತ್ತದೆ?

"ಎರಡು ವರ್ಷದಿಂದ ಚರ್ಚಿನಲ್ಲಿ ಸಂಡೇ ಸ್ಕೂಲ್ ಮತ್ತು ಯೂತ್ ನೋಡಿಕೊಳ್ಳುತ್ತಿದ್ದೇನೆ. ಚಿಕ್ಕವರದು ಗಲಾಟೆ, ದೊಡ್ಡವರದು ಮೊಬೈಲ್. ಮೊದಲಿದ್ದ ಖುಷಿ ಈಗ ಇಲ್ಲ. ನಿಮಗೆಲ್ಲ ಅದು ಹೇಗೆ ಸಿಗುತ್ತದೆ?" ಎಂದು ಕೇಳಿದ್ದೀರಿ.

ನನಗೂ ಪ್ರತಿ ಭಾನುವಾರ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹದಿನಾಲ್ಕು ವರ್ಷದಿಂದ ಸಂಡೇ ಸ್ಕೂಲ್ ಟೀಚರ್ ಆಗಿದ್ದೇನೆ. ವಾರವೆಲ್ಲ ಆಫೀಸು. ಭಾನುವಾರ ಬೆಳಿಗ್ಗೆ ಚಾಪೆ ಹಾಸು, ಸೀಮೆಸುಣ್ಣ ಹುಡುಕು. ಆಟಿ ತಿಂಗಳ ಜೋರು ಮಳೆಯಲ್ಲಿ ಮೂರೇ ಮಕ್ಕಳು ಬಂದು ಮೂವರೂ ಆಕಳಿಸುವ ದಿನಗಳಿವೆ. ಅಂಥ ದಿನ ಬೇಗ ಮುಗಿಸಿ ಮನೆಗೆ ಹೋಗುವುದೇ ಖುಷಿ.

ಶುರುವಿನ ನಾಲ್ಕು ವರ್ಷ ನಾನೊಂದು ನಾಟಕ ಕಂಪನಿ ಥರ ಇದ್ದೆ. ಫ್ಲಾನೆಲ್ ಬೋರ್ಡು, ಬಣ್ಣದ ಚಿತ್ರ, ಆಕ್ಷನ್ ಸಾಂಗ್. ಕಂಠಪಾಠ ವಾಕ್ಯ ಹೇಳಿದವರಿಗೆ ಚಾರ್ಟಿನಲ್ಲಿ ನಕ್ಷತ್ರ. ಮಾತೆಲ್ಲ ನನ್ನದೇ, ಮಕ್ಕಳು ಪ್ರೇಕ್ಷಕರು. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಿದ್ದುಹೋಗುತ್ತಿತ್ತು, ಮನಸ್ಸು ಖಾಲಿ.

ಒಂದು ಸಲ, ಒಬ್ಬ ಹುಡುಗನ ಬುತ್ತಿಯ ಐದು ರೊಟ್ಟಿ, ಎರಡು ಮೀನಿನಿಂದ ಯೇಸು ಸಾವಿರಾರು ಜನರಿಗೆ ಊಟ ಕೊಟ್ಟ ಪಾಠ ಮಾಡುತ್ತಿದ್ದೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವ ಹುಡುಗನೊಬ್ಬ ಕೈ ಎತ್ತಿದ. "ಟೀಚರ್, ಆ ಮೀನು ಬೂತಾಯಿಯಾ, ಬಂಗುಡೆಯಾ?" ನಮ್ಮ ಕಡಲಿನ ಮೀನುಗಳ ಹೆಸರು ಕೇಳಿ ಎಲ್ಲರೂ ನಕ್ಕರು. "ಅದೆಲ್ಲ ಮುಖ್ಯ ಅಲ್ಲ" ಎಂದುಬಿಟ್ಟೆ. ಅವನು ಆಮೇಲೆ ಬಾಯಿ ಬಿಡಲಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಿಷಯ ಪಾಠದಲ್ಲಿ ಬಂದಿತ್ತು, ನಾನು ಅದರ ಬಾಗಿಲು ಹಾಕಿದೆ. ಮನೆಗೆ ಬಂದ ಮೇಲೂ ಅದೇ ಚುಚ್ಚುತ್ತಿತ್ತು.

ಸರಿ, ಹುಡುಕಿ ಓದಿದೆ. ಕಥೆ ನಡೆದದ್ದು ಗಲಿಲಾಯ ಸಮುದ್ರದ ಹತ್ತಿರ. ಸಮುದ್ರ ಅಂದರೂ ಅದು ಸಿಹಿನೀರಿನ ಸರೋವರ. ಹಾಗಾಗಿ ಬೂತಾಯಿಯೂ ಅಲ್ಲ, ಬಂಗುಡೆಯೂ ಅಲ್ಲ. ಆದರೆ ಅಲ್ಲಿ ಬೂತಾಯಿಯಷ್ಟೇ ಚಿಕ್ಕದಾದ ಒಂದು ಮೀನು ಸಿಗುತ್ತದೆ. ಮೀನಿಗೆ ಉಪ್ಪು ಹಾಕಿ ಇಡುವುದು ಆ ಕಾಲದಲ್ಲಿ ಅಲ್ಲೂ ಇತ್ತು. ಮುಂದಿನ ಭಾನುವಾರ ಇದನ್ನು ಹೇಳಿದೆ. ಅವನ ಮುಖ ಅರಳಿತು. "ಹಾಗಾದ್ರೆ ಒಣಮೀನೇ ಇರ್ಬೇಕು! ಅವನಮ್ಮ ಬುತ್ತಿಗೆ ಹಾಕಿ ಕೊಟ್ಟದ್ದು."

ಅಲ್ಲಿಗೆ ಮುಗಿಯಲಿಲ್ಲ. ಈ ಕಥೆ ಯೇಸುವಿನ ಜೀವನ ಹೇಳುವ ನಾಲ್ಕೂ ಸುವಾರ್ತೆಗಳಲ್ಲಿದೆ (ಮತ್ತಾಯ, ಮಾರ್ಕ, ಲೂಕ, ಯೋಹಾನ). ಸುಮ್ನೆ ನಾಲ್ಕು ಗುಂಪು ಮಾಡಿ ಒಂದೊಂದನ್ನು ಓದಲು ಕೊಟ್ಟೆ. ಬುತ್ತಿಯ ಹುಡುಗ ಯೋಹಾನನಲ್ಲಿ ಮಾತ್ರ ಇದ್ದಾನೆ ಎಂದು ಅವರೇ ಪತ್ತೆ ಮಾಡಿದರು. ಮತ್ತಾಯನನ್ನು ಓದುತ್ತಿದ್ದ ಹುಡುಗಿಗೆ ಸಿಟ್ಟೇ ಬಂತು. ಅಲ್ಲಿ ಊಟ ಮಾಡಿದವರು ಹೆಂಗಸರು, ಮಕ್ಕಳು ಬಿಟ್ಟು ಐದು ಸಾವಿರ ಎಂದಿದೆ. "ಊಟ ಕೊಟ್ಟದ್ದು ಹುಡುಗ, ಲೆಕ್ಕಕ್ಕೆ ಮಾತ್ರ ನಾವಿಲ್ವಾ?" ಇಷ್ಟು ವರ್ಷ ಆ ಕಥೆ ಹೇಳಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅವತ್ತು ಮನೆಗೆ ಹೋಗುವಾಗ ಸುಸ್ತು ಇರಲಿಲ್ಲ. ನನಗೆ ಖುಷಿ ಸಿಗುವ ಜಾಗ ಅದು: ಪಾಠ ನನ್ನ ಕೈತಪ್ಪಿ ಅವರ ಕೈಗೆ ಹೋಗುವ ಕಡೆ. ಚಾರ್ಟು, ನಕ್ಷತ್ರ ಎರಡನ್ನೂ ತೆಗೆದುಬಿಟ್ಟೆ.

ಭಾಷೆಯ ತೊಂದರೆ ನಿಮ್ಮಲ್ಲೂ ಇರಬಹುದು. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಚರ್ಚಿನಲ್ಲಿ ಮಾತ್ರ ಹಳೇ ಕನ್ನಡ ಬೈಬಲು. 23ನೇ ಕೀರ್ತನೆ ಎಲ್ಲರಿಗೂ ಬಾಯಿಪಾಠ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಒಮ್ಮೆ ಅರ್ಥ ಕೇಳಿದೆ. "ಕೊರತೆ ಪಡೆದೆನು ಅಂತ ಟೀಚರ್, ಪಾಪ" ಎಂದ ಒಬ್ಬ. ಕುರುಬ ಇದ್ದೂ ಕೊರತೆಯಂತೆ! 'ಪಡೆನು' ಅಂದರೆ 'ಪಡುವುದಿಲ್ಲ' ಎಂಬುದು ಅವರ ಕಿವಿಗೆ ಬಿದ್ದೇ ಇಲ್ಲ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಿಂದ ಹೊರಡಿಸಿದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್. ಅದೇ ಮಿಷನ್ ಕಟ್ಟಿದ ಸಭೆಯ ಮಕ್ಕಳು ಈಗ ಕನ್ನಡ ಓದಲು ತಡವರಿಸುತ್ತಾರೆ. ಈಗ ಪ್ರತಿ ವಾರ ಹತ್ತು ನಿಮಿಷ ಅಕ್ಷರಕ್ಕೇ ಇಟ್ಟಿದ್ದೇನೆ. "ಇದೇನು ಚರ್ಚಾ, ಕನ್ನಡ ಶಾಲೆಯಾ?" ಎಂದು ಹಿರಿಯರೊಬ್ಬರು ಗೊಣಗಿದರು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರುಮಾಡಿದ್ದೇ ವಾರವಿಡೀ ದುಡಿಯುವ ಮಕ್ಕಳಿಗೆ ಓದು ಕಲಿಸಲು ಎಂದೆ. ಆಮೇಲೆ ಅವರು ಸುಮ್ಮನಾದರು. ಒಪ್ಪಿದರೋ ಇಲ್ಲವೋ, ದೇವರಿಗೇ ಗೊತ್ತು.

ಇನ್ನು ದೊಡ್ಡವರು. ಇಲ್ಲಿ ನಾನು ಜಾಸ್ತಿ ಎಡವಿದ್ದೇನೆ. ಬಾಗಿಲಲ್ಲಿ ಬುಟ್ಟಿ ಇಟ್ಟು ಮೊಬೈಲ್ ತೆಗೆದುಕೊಳ್ಳುವ ಐಡಿಯಾ ನನ್ನದೇ. ಮುಂದಿನ ವಾರ ಅರ್ಧ ಜನ ಬರಲಿಲ್ಲ. ಬುಟ್ಟಿ ಈಗ ಹೂವಿಗೆ ಬಳಕೆಯಾಗುತ್ತಿದೆ. ದೃಢೀಕರಣ (ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ಆದ ಮೇಲೆ ಹುಡುಗರು ಮಾಯವಾಗುವುದು ನಮ್ಮಲ್ಲೂ ಇದೆ. ಟ್ಯೂಷನ್ ಒಂದು ನೆಪ. ನಿಜವಾದ ಕಾರಣ ಬೇರೆ: ಅವರು ಬಾರದಿದ್ದರೂ ಚರ್ಚಿನಲ್ಲಿ ಏನೂ ನಿಲ್ಲುವುದಿಲ್ಲ, ಅದು ಅವರಿಗೆ ಗೊತ್ತು.

ಹದಿಮೂರು ವರ್ಷದ ಒಬ್ಬನಿಗೆ ಧ್ವನಿ ಒಡೆಯಿತು. ಚೆನ್ನಾಗಿ ಹಾಡುತ್ತಿದ್ದವನು ತುಟಿಯನ್ನೇ ಬಿಚ್ಚುತ್ತಿರಲಿಲ್ಲ, ಕಾಂಪೌಂಡ್ ಗೋಡೆ ಮೇಲೆ ಕೂರುತ್ತಿದ್ದ. ನಮ್ಮ ಕ್ವಾಯರ್ ಇನ್ನೂ ಸಾಲ್ಫಾ (ಡೊ-ರೆ-ಮಿ ಸ್ವರಲಿಪಿ) ನೋಡಿ ನಾಲ್ಕು ಸ್ವರದಲ್ಲಿ ಹಾಡುತ್ತದೆ. ಜರ್ಮನ್ ರಾಗ, ಕನ್ನಡ ಮಾತು. ಬೇಸ್‌ಗೆ (ತೀರ ಕೆಳಗಿನ ಗಂಡು ಸ್ವರಕ್ಕೆ) ಉಳಿದದ್ದು ಒಬ್ಬರೇ ಅಜ್ಜ, ಅವರಿಗೂ ಉಬ್ಬಸ. ಅವರೇ ಗೋಡೆ ಹತ್ತಿರ ಹೋಗಿ ತುಳುವಿನಲ್ಲಿ ಏನೋ ಹೇಳಿ ಕರೆದುಕೊಂಡು ಬಂದರು. ಎರಡು ತಿಂಗಳು ಅಪಸ್ವರ ಕೇಳಿದೆವು. ಆ ಕ್ರಿಸ್‌ಮಸ್‌ಗೆ ಕ್ಯಾರಲ್ ರೌಂಡ್ಸಿನಲ್ಲಿ, ಜೀಪಿನ ಹಿಂದೆ ನಿಂತು, ಅವನ ಬೇಸ್ ಕೆಳಗಿನಿಂದ ಎದ್ದು ಬಂತು. ಅಜ್ಜ ಹಾಡುವುದನ್ನೇ ನಿಲ್ಲಿಸಿ ಕೇಳುತ್ತಾ ನಿಂತರು. ನಾನೇನೂ ಮಾಡಿರಲಿಲ್ಲ, ಆದರೂ ಅಷ್ಟು ಖುಷಿ ನನಗೆ ಯಾವ ಪಾಠದಲ್ಲೂ ಆಗಿಲ್ಲ.

ಅದಾದ ಮೇಲೆ ಯೂತ್‌ಗೆ ನಿಜವಾದ ಕೆಲಸ ಕೊಡುತ್ತೇನೆ. ವಿಬಿಎಸ್ (ರಜೆಯ ಬೈಬಲ್ ಶಾಲೆ) ಅಡುಗೆಯ ಲೆಕ್ಕ, ಚಿಕ್ಕವರ ಒಂದು ತರಗತಿ, ಮೈಕು. ಕೆಟ್ಟರೆ ಕೆಡಲಿ. ಒಂದು ವರ್ಷ ಉಪ್ಪಿಟ್ಟು ಸಾಲದೆ ಮಕ್ಕಳಿಗೆ ಬಿಸ್ಕತ್ತು ಹಂಚಿದೆವು, ಯಾರೂ ಸಾಯಲಿಲ್ಲ. ಕಷ್ಟದ ಪ್ರಶ್ನೆಗಳೂ ಬರುತ್ತವೆ. ಅಜ್ಜಿ ತೀರಿಕೊಂಡ ಹುಡುಗಿಯೊಬ್ಬಳು "ಅಷ್ಟು ಪ್ರಾರ್ಥನೆ ಮಾಡಿದ್ವಲ್ಲ" ಎಂದು ಅತ್ತಾಗ ನನ್ನಲ್ಲಿ ಉತ್ತರ ಇರಲಿಲ್ಲ. 13ನೇ ಕೀರ್ತನೆ ತೆಗೆದು ಕೊಟ್ಟೆ. ಅದರಲ್ಲಿ ದೇವರನ್ನು 'ಇನ್ನೆಷ್ಟರವರೆಗೆ' ಎಂದು ಮತ್ತೆ ಮತ್ತೆ ಕೇಳುತ್ತಾರೆ. ಅವಳು ಓದಿದಳು, ಪುಸ್ತಕ ಮನೆಗೆ ಒಯ್ದಳು. ಅಷ್ಟೇ.

ಇನ್ನೆರಡು ಮಾತು. ಯಾವ ಮಗುವಿನ ಜೊತೆಯೂ ಒಬ್ಬರೇ ಇರಬೇಡಿ. ಬಾಗಿಲು ತೆರೆದಿರಲಿ, ಇನ್ನೊಬ್ಬ ಟೀಚರ್ ಇರಲಿ. ಸುಸ್ತಾಗಿದ್ದರೆ ಸಭಾಪಾಲಕರಿಗೆ ಹೇಳಿ ಎರಡು ತಿಂಗಳು ಬಿಡುವು ತೆಗೆದುಕೊಳ್ಳಿ, ಅದೇನೂ ಪಾಪ ಅಲ್ಲ. ನಾನು ಒಂದು ಮಳೆಗಾಲವಿಡೀ ತೆಗೆದುಕೊಂಡಿದ್ದೆ.

ನಿಮ್ಮ ಗುಂಪಿನಲ್ಲಿ ಎಷ್ಟು ಜನ, ಯಾವ ವಯಸ್ಸು ಎಂದು ಕೆಳಗೆ ಬರೆಯಿರಿ, ಇನ್ನಷ್ಟು ಹೇಳಬಹುದು. ಈಗ ಏಳಬೇಕು. ನಾಳೆ ಯೋನನ ಪಾಠ. ಆ ಪ್ರವಾದಿಯ ಎಚ್ಚರಿಕೆ ಕೇಳಿ ನಿನೆವೆ ಪಟ್ಟಣದವರು ಪಶ್ಚಾತ್ತಾಪಪಟ್ಟು ದನಗಳಿಗೂ ಗೋಣಿತಟ್ಟು ಹೊದಿಸಿದ್ದರಲ್ಲ, ಹಟ್ಟಿ ತುಂಬ ದನ ಇರುವ ಮನೆಯ ಹುಡುಗಿ ಹೋದ ವಾರವೇ ಎಚ್ಚರಿಸಿ ಹೋಗಿದ್ದಾಳೆ: "ದನಗಳು ಏನು ತಪ್ಪು ಮಾಡಿದ್ವು ಅಂತ ಓದ್ಕೊಂಡು ಬನ್ನಿ ಟೀಚರ್."